ತಮ್ಮನ ಹೆಸರಿನಲ್ಲಿ ನಾನು ಬೆವರಿದ್ದು

ನನ್ನ ತಮ್ಮ ಶೇಖರ ಟಿವಿಯಲ್ಲಿ ತೆಳ್ಳಗಾಗುತ್ತಿದ್ದ, ಸೋಫಾದ ಮೇಲೆ ದಪ್ಪಗಾಗುತ್ತಿದ್ದ. ಎರಡಕ್ಕೂ ಕಾರಣ ನಾನೇ.

ಗಾಬರಿಯಾಗಬೇಡಿ, ಹೇಳುತ್ತೇನೆ.

ಶೇಖರನಿಗೆ ಹೈಟೆಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ, ಲಿಂಗಂಪಲ್ಲಿಯಲ್ಲಿ ಫ್ಲ್ಯಾಟು. ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗೆ ನಮ್ಮ ಮನೆ (ನಮ್ಮ ಯಜಮಾನರಿಗೆ ಪಟಾನ್‌ಚೆರುವಿನ ಫ್ಯಾಕ್ಟರಿಗೆ ಬಸ್ಸು ಇಲ್ಲಿಂದ ಸಲೀಸು). ದಿನವಿಡೀ ಕುರ್ಚಿಯಲ್ಲಿ ಕೂತು ತಮ್ಮನಿಗೆ ಹೊಟ್ಟೆ ಬಂತು. ಅದರ ಹಿಂದೆಯೇ ಸಕ್ಕರೆ ಇಣುಕಿತು. ಡಾಕ್ಟರು ಗಡುವು ಕೊಟ್ಟರು: ದೀಪಾವಳಿಯೊಳಗೆ ಮೈ ಬಗ್ಗಿಸಿ ಹೊಟ್ಟೆ ಇಳಿಸಿದರೆ ಸರಿ, ಇಲ್ಲವಾದರೆ ಮಾತ್ರೆ ಶುರು. ನಮ್ಮ ಅಪ್ಪ ಇದೇ ಸಕ್ಕರೆಗೆ ಒಂದು ಪಾದ ಕೊಟ್ಟವರು. ಹಾಗಾಗಿ ಮನೆಯಲ್ಲಿ ಯಾರೂ ನಗಲಿಲ್ಲ.

ವಾಕಿಂಗ್ ಹೋಗೋಣವೆಂದರೆ ಇಲ್ಲಿ ಜಾಗ ಎಲ್ಲಿದೆ? ಎಲ್ಲೆಲ್ಲೂ ಕಟ್ಟಡ ಏಳುತ್ತಿರುವ ಊರು. ಫುಟ್‌ಪಾತ್ ತುಂಬ ಮರಳು, ಕಬ್ಬಿಣ. ಕೊನೆಗೆ ತಮ್ಮನ ಹೆಂಡತಿ ಸುನಂದಾ (ಅವಳದೂ ಐಟಿ ಕೆಲಸವೇ) ಅಮೆರಿಕದಿಂದ ಬರುವ ಗೆಳತಿಯ ಕೈಯಲ್ಲಿ ಒಂದು ವಿಡಿಯೋ ಗೇಮ್ ತರಿಸಿದಳು. ಕೂತು ಆಡುವುದಲ್ಲ, ಎದ್ದು ಕುಣಿಯುವುದು. ರಿಮೋಟ್ ಹಿಡಿದು ಕೈ ಬೀಸಿದರೆ ಟಿವಿಯೊಳಗಿನ ಗೊಂಬೆ ಟೆನಿಸ್ ಆಡುತ್ತದೆ, ಬಾಕ್ಸಿಂಗ್ ಮಾಡುತ್ತದೆ. ಕಾಲಡಿಗೆ ಒಂದು ಹಲಗೆ. ಅದು ನಮ್ಮ ತೂಕ ನೋಡಿ, ಗೊಂಬೆಯನ್ನೂ ಅಷ್ಟೇ ದಪ್ಪ ಮಾಡಿ ತೋರಿಸುತ್ತದೆ. ದಾಕ್ಷಿಣ್ಯ ಗೊತ್ತಿಲ್ಲದ ಯಂತ್ರ. ಗೊಂಬೆಗೆ ಶೇಖರನದೇ ಹೆಸರಿಟ್ಟರು.

ಸುನಂದಾ ಆಫೀಸಿನಿಂದ ಬರುವುದು ತಡ. ಸಂಜೆ ತಮ್ಮನನ್ನು ಆಡಿಸುವ ಹೊಣೆ ನನಗೆ ಬಿತ್ತು. ಒಂದು ಸಂಜೆ ಅವನು ಸುಸ್ತಾಗಿ ಬಂದು ಸೋಫಾದ ಮೇಲೆ ಒರಗಿದ.

"ಅಕ್ಕಾ, ಇವತ್ತೊಂದಿನ ನೀನ ನಿಂದರು ಆ ಹಲಗಿ ಮ್ಯಾಲ. ಆಕಿಗೇನ ಗೊತ್ತಾಗತೈತಿ?"

ನಿಂತೆ. (ಆಗ ನಾವಿಬ್ಬರೂ ಹೆಚ್ಚುಕಮ್ಮಿ ಒಂದೇ ತೂಕದವರು. ಗೊಂಬೆಗೆ ಅನುಮಾನ ಬರಲಿಲ್ಲ.)

ತಪ್ಪು ಅನಿಸಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಶೇಖರ ಚಿಕ್ಕವನಿದ್ದಾಗ ಬಿಡದ ಜ್ವರ ಬಂದಿತ್ತು. ಅವ್ವ ಹನುಮಪ್ಪನಿಗೆ ದೀಡ ನಮಸ್ಕಾರದ ಹರಕೆ ಹೊತ್ತಳು. ಹಾಕಿದವಳು ನಾನು. ಒದ್ದೆ ಬಟ್ಟೆಯಲ್ಲಿ ಬಾವಿಯಿಂದ ಗುಡಿಯವರೆಗೆ ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬಿದ್ದು ಹೋದೆ. ಮೊಣಕಾಲು ತರಚಿದ್ದು ನನ್ನದು, ಜ್ವರ ಬಿಟ್ಟದ್ದು ಅವನಿಗೆ. ದೇವರೇ ಒಪ್ಪಿದ ಪದ್ಧತಿಯನ್ನು ಒಂದು ಟಿವಿ ಒಪ್ಪಬಾರದೇ?

ಒಂದು ದಿನ ಎಂದದ್ದು ದಿನಾ ಆಯಿತು. ಅವನು ಸೋಫಾದಲ್ಲಿ, ನಾನು ಸೆರಗು ಸಿಕ್ಕಿಸಿಕೊಂಡು ಹಲಗೆಯ ಮೇಲೆ. ಬಾಕ್ಸಿಂಗ್ ನನಗೆ ಬಹಳ ಹಿಡಿಸಿತು. ಎದುರಿನ ಗೊಂಬೆಗೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಮುಖ ಕಲ್ಪಿಸಿಕೊಂಡರೆ ಸಾಕು (ನೀರಿನ ಮೋಟರಿನ ಬೀಗದ ಕೈಯನ್ನು ಜೇಬಲ್ಲೇ ಇಟ್ಟುಕೊಂಡು ಊರಿಗೆ ಹೋಗುವ ಮಹಾಶಯ), ಗುದ್ದು ತಾನಾಗಿ ಬೀಳುತ್ತಿತ್ತು.

ಗೊಂಬೆ ಇಳಿಯತೊಡಗಿತು. ಸುನಂದಾ ನೋಡಿ ಹಿಗ್ಗಿದಳು. ಗಂಡನ ಅಂಗಿಯ ಗುಂಡಿ ಕಿತ್ತು ಹಾರಿದಾಗಲೂ ಅದು ಮಸಲ್ ಎಂದೇ ಸಮಾಧಾನ ಮಾಡಿಕೊಂಡಳು. ಕಣ್ಣೆದುರಿನ ಗಂಡನಿಗಿಂತ ಟಿವಿಯೊಳಗಿನ ಗಂಡನನ್ನು ನಂಬುವ ಕಾಲ ಇದು.

ಹೋದ ಭಾನುವಾರ ಅವಳ ಆಫೀಸಿನ ಗೆಳತಿಯರು ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಗೇಮಿನ ಪ್ರತಾಪ ತೋರಿಸುವ ಉಮೇದು ಅವಳಿಗೆ. ಶೇಖರ ತಲೆನೋವು ಅಂದ, ಹೊಟ್ಟೆ ಭಾರ ಅಂದ. ಯಾರು ಕೇಳುತ್ತಾರೆ? ಹಲಗೆ ಹತ್ತಿಸಿಯೇ ಬಿಟ್ಟರು.

ಟಿವಿಯಲ್ಲಿದ್ದ ಸಪೂರ ಗೊಂಬೆ ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

ಗೆಳತಿಯರು ನಕ್ಕರು. ಸುನಂದಾ ನಗಲಿಲ್ಲ. ಗಂಡನನ್ನೂ ನೋಡಲಿಲ್ಲ. ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೆತ್ತಗೆ ಕೇಳಿದಳು.

"ಅಕ್ಕಾರ, ನಿಮ್ಮ ಬ್ಲೌಸ್ ಯಾವಾಗಿಂದ ಇಷ್ಟು ಸಡಲ ಆಗೇತಿ?"

ಮರುದಿನವೇ ರಕ್ತ ಪರೀಕ್ಷೆ. ಸಕ್ಕರೆ ಏರಿತ್ತು. ದೀಪಾವಳಿಗೆ ಕಾಯದೆ ಮಾತ್ರೆ ಶುರುವಾಯಿತು. ಮೊದಲ ಮಾತ್ರೆ ನುಂಗುವಾಗ ಶೇಖರ ಅಪ್ಪನ ಫೋಟೋದ ಕಡೆ ನೋಡಿದ. ನಾನು ನೆಲ ನೋಡಿದೆ.

ಆಮೇಲೆ ಸುನಂದಾಳ ಮುಂದೆ ಕೂತು ಹನುಮಪ್ಪ, ಜ್ವರ, ನಮಸ್ಕಾರ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಖರೆ ಐತ್ರಿ ಅಕ್ಕಾರ. ಆದ್ರ ಆವಾಗ ಅವರಿಗೆ ಮಿರ್ಚಿ ಬಜ್ಜಿ ಕರದ ಕೊಟ್ಟಿದ್ರೇನು?"

ಬಜ್ಜಿ. ಅದೊಂದನ್ನು ನಿಮಗೂ ಹೇಳದೆ ಬಿಟ್ಟಿದ್ದೆ (ಅವಳಿಗೆ ಶೇಖರನೇ ಬಾಯಿ ಬಿಟ್ಟಿರಬೇಕು).

ನಡುನಡುವೆ ತಮ್ಮ ತಾನಾಗಿಯೇ ಎದ್ದು ರಿಮೋಟಿಗೆ ಕೈ ಚಾಚಿದ್ದುಂಟು. ಆಗೆಲ್ಲ "ದಣದೀಯೋ ಶೇಖ್ಯಾ, ಕೂಡು" ಎಂದು ಬಿಸಿ ಬಜ್ಜಿಯ ತಟ್ಟೆಯನ್ನು ಆ ಕೈಗೇ ಇಟ್ಟವಳು ನಾನು. ಏಳನೇ ಇಯತ್ತೆಗೆ ಶಾಲೆ ಬಿಡಿಸಿದ ಮೇಲೆ ಇದೇ ಶೇಖರನನ್ನು ಕಂಕುಳಲ್ಲಿ ಎತ್ತಿಕೊಂಡು, ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಇಷ್ಟು ವರ್ಷಕ್ಕೆ ಒಂದು ಆಟ ಕೈಗೆ ಸಿಕ್ಕಿತ್ತು. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹರಕೆ ಎಂದದ್ದು ನೆಪ.

ಈಗ ಶೇಖರನೇ ಆಡುತ್ತಾನೆ. ಕಾವಲಿಗೆ ಮತ್ತೆ ನಾನೇ (ಬೇರೆ ಯಾರಿದ್ದಾರೆ?). ಎಣ್ಣೆಯ ಡಬ್ಬಿ ಮಾತ್ರ ಸುನಂದಾಳ ಬೀರುವಿನೊಳಗಿದೆ.

ನಿನ್ನೆ ಸ್ವಲ್ಪ ಹೊತ್ತು ಗುದ್ದಾಡಿದವನು ಏದುಸಿರು ಬಿಡುತ್ತ ನಿಂತ. ರಿಮೋಟ್ ಅವನ ಕೈಯಲ್ಲಿ ಜೋತಾಡುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ ಎಂದು ಬರೆದರೆ ನೀವೆಲ್ಲ ಮೆಚ್ಚುತ್ತೀರಿ.

ನಾನು ಕೇಳಿದ್ದು ಇಷ್ಟೇ: "ದಣದೀಯೇನೋ ಶೇಖ್ಯಾ?"