ಪೆರ್ಲಿತಾ ಕಪುಲೊಂಗ್ ಎಂಬ ಹೆಸರು

ನಮ್ಮ ಓಣಿಯಲ್ಲಿ ಪೆರ್ಲಿತಾಳ ಕೈಯಲ್ಲಿ ಕೂದಲು ಕತ್ತರಿಸಿಕೊಳ್ಳದ ಹೆಂಗಸಿಲ್ಲ, ಅವಳ ಬಾಯಿಗೆ ಸಿಗದ ಗಂಡಸಿಲ್ಲ. ಹುಟ್ಟಿದಾಗ ಗಂಡುಮಗುವೆಂದು ಮನೆಯವರು ಇಟ್ಟದ್ದು ಪೆದ್ರೊ ಅಂತ. ಅಪ್ಪ ಮನೆಯಿಂದ ಹೊರಗೆ ಹಾಕಿದ ಮೇಲೆ ಮನಿಲಾಕ್ಕೆ ಬಂದು, ಹೆಣ್ಣಾಗಿಯೇ ಬಾಳಿ, ತನಗೆ ತಾನೇ ಪೆರ್ಲಿತಾ ಎಂದು ಹೆಸರಿಟ್ಟುಕೊಂಡಳು. ಕಪುಲೊಂಗ್ ಎಂಬ ಮನೆತನದ ಹೆಸರನ್ನು ಮಾತ್ರ ಬಿಡಲಿಲ್ಲ. ಅವಳ ಅಂಗಡಿಯ ಪಕ್ಕದಲ್ಲೇ ನನ್ನ ಊಟದಂಗಡಿ. ಮೊದಲಿನಿಂದಲೂ ಜಗಳವಾಡಿಕೊಂಡೇ ಜೊತೆಗಿದ್ದೇವೆ.

ಶನಿವಾರ ಬಂತೆಂದರೆ ವಿಶ್ವವಿದ್ಯಾಲಯದ ಲಿಗಾಯಾ ಮೇಡಂ ವಿದ್ಯಾರ್ಥಿಗಳನ್ನು ಕರೆದುಕೊಂಡು ಅವಳ ಅಂಗಡಿಗೆ ಬರುತ್ತಿದ್ದರು. ಹೆಣ್ಣಾಗಿರುವುದು, ಬಡವಳಾಗಿರುವುದು, ಪೆರ್ಲಿತಾಳಂಥವಳಾಗಿರುವುದು ಎಲ್ಲ ಒಂದೇ ಮೈಮೇಲೆ ಬಿದ್ದರೆ ಬದುಕು ಹೇಗಿರುತ್ತದೆ ಎಂಬುದು ಅವರ ಓದು. ನಾವೂ ಕುಳಿತು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆವು. ಅವನ್ನೆಲ್ಲ ಸೇರಿಸಿ ಪುಸ್ತಕ ಮಾಡುವುದೆಂದಾಯಿತು.

ಅಚ್ಚಿಗೆ ಹೋಗುವ ಮುಂಚೆ ಮೇಡಂ ಓದಿ ಹೇಳಿದರು. ಪೆರ್ಲಿತಾಳ ಕತೆಯಲ್ಲಿ ಅವಳ ಹೆಸರು ಲೋರ್ನಾ ಎಂದಿತ್ತು. ಹೇಳಿದವರಿಗೆ ತೊಂದರೆಯಾಗಬಾರದೆಂದು ಹೆಸರು ಬದಲಿಸುವುದು ಅವರಲ್ಲಿ ಪದ್ಧತಿಯಂತೆ. ಪೆರ್ಲಿತಾಳಿಗೆ ಮೈಯೆಲ್ಲ ಉರಿಯಿತು.

"ಮೇಡಂ, ಅಪ್ಪ ಇಟ್ಟ ಹೆಸರನ್ನ ಕಿತ್ತು ಬಿಸಾಕೋಕೆ ಅರ್ಧ ಆಯಸ್ಸು ಹೋಯ್ತು. ಈಗ ನೀವೂ ಒಂದು ಇಡ್ತೀರಾ? ನನ್ನ ಹೊಡೆಯೋರಿಗೆ ನನ್ನ ಹೆಸರು ಮೊದಲಿಂದ ಗೊತ್ತು. ಗೊತ್ತಿಲ್ಲದೆ ಇರೋದು ಮಿಕ್ಕೋರಿಗೆ."

ಮೇಡಂ ವಾದಿಸಲಿಲ್ಲ. ಮನೆತನದ ಹೆಸರೂ ಬರುತ್ತದಲ್ಲ, ಮನೆಯವರನ್ನು ಒಂದು ಮಾತು ಕೇಳಿ ಅಂದರು. ಕೇಳಿದ್ದೇ ತಪ್ಪಾಯಿತು. ಊರಿನಿಂದ ಅವಳ ತಮ್ಮ ಇಸಾಗಾನಿ ಬಂದ. ಅಪ್ಪನ ಹೆಸರನ್ನು ಬೀದಿಗೆ ತಂದರೆ ಮನೆಯವರ ಗೋರಿಯಲ್ಲಿ ನಿನಗೆ ಜಾಗವಿಲ್ಲ ಎಂದು ಹೇಳಿ ಹೋದ. ಅಂಥವನಿಗೆ ನಾನು ಮೀನುಸಾರು ಬಡಿಸಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಒಂದು ಮನೆಯವರನ್ನೆಲ್ಲ ಒಂದೇ ಗೋರಿಯಲ್ಲಿ ಇಡುವುದು ರೂಢಿ. ನವೆಂಬರಿನಲ್ಲಿ ಸತ್ತವರ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿ, ಗೋರಿಯ ಪಕ್ಕದಲ್ಲೇ ಉಂಡು, ಹರಟೆ ಹೊಡೆದು, ಮೇಣದಬತ್ತಿ ಹಚ್ಚಿ ಬರುತ್ತೇವೆ. ದಿಕ್ಕಿಲ್ಲದವರ ಗುಂಡಿಗೆ ಹೋದವರ ಹತ್ತಿರ ಯಾರೂ ಕೂರುವುದಿಲ್ಲ. ಸಾವಿಗೆ ಹೆದರದ ಪೆರ್ಲಿತಾ ಇದಕ್ಕೆ ಹೆದರಿದಳು. ಒಂದು ವಾರ ಯಾರನ್ನೂ ಬೈಯಲಿಲ್ಲ, ನನಗೇ ದಿಗಿಲಾಯಿತು.

ಮೇಡಂ ಮತ್ತೆ ಬಂದಾಗ ಲೋರ್ನಾ ಅಂತಲೇ ಇರಲಿ ಬಿಡಿ ಅಂದಳು. ಹಾಗಂದು ಗಿರಾಕಿಯ ತಲೆ ಬಾಚತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಏ ಪೆರ್ಲಿತಾ, ನನ್ನ ಗಂಡನ ಗೋರೀಲಿ ಇನ್ನಿಬ್ಬರಿಗೆ ಜಾಗ ಇದೆ ಕಣೇ. ಒಂದು ನಂದು, ಇನ್ನೊಂದು ನಿಂದು. ನನ್ನ ಮಕ್ಕಳು ನನಗೆ ಬತ್ತಿ ಹಚ್ಚಿದ್ರೆ ನಿನಗೂ ಹಚ್ತಾರೆ."

"ನಿನ್ನ ಗಂಡನ ಪಕ್ಕ ನಾನಾ? ಅವನ ಗೊರಕೆ ಗೋಡೆ ಆಚೆಗೂ ಕೇಳ್ತಿತ್ತಲ್ಲೇ" ಅಂದಳು. ಅಂದವಳೇ ಬಾಚಣಿಗೆ ಹಿಡಿದುಕೊಂಡೇ ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು ಮೇಡಂ ಕಡೆ ತಿರುಗಿದಳು.

"ಪೆರ್ಲಿತಾ ಕಪುಲೊಂಗ್ ಅಂತ ಪೂರ್ತಿ ಹಾಕಿ. ಅಪ್ಪ ಹೊರಗೆ ಹಾಕಿದಾಗ ನನ್ನ ಹತ್ರ ಉಳಿದಿದ್ದು ಆ ಕಪುಲೊಂಗ್ ಒಂದೇ."