ಹಗೇವಿನೊಳಗೆ ಆರಿದ ದೀಪ

ನಾನು ಚಿಕ್ಕವಳಿದ್ದಾಗ ನನಗೆ ವಾದ ಮಾಡುವ ಚಟ ಇತ್ತು. ಯಾರಾದರೂ ಆಕಾಶ ನೀಲಿ ಅಂದರೆ, "ರಾತ್ರಿ?" ಎಂದು ಕೇಳುತ್ತಿದ್ದೆ. ಮೊಮ್ಮಕ್ಕಳೇ, ನೀವು ಮೂವರೂ ಇದರಲ್ಲಿ ನನ್ನನ್ನೇ ಹೋತಿದ್ದೀರಿ. ಅದಕ್ಕೇ ನಾನು ಸೋತ ಒಂದು ವಾದದ ಕಥೆ ಬರೆಯುತ್ತಿದ್ದೇನೆ. ಅಕ್ಷರಗಳು ದೊಡ್ಡವಾಗಿವೆ. ಸಣ್ಣ ಅಕ್ಷರ ಈಗ ನನ್ನ ಕಣ್ಣಿಗೆ ಒಗ್ಗುವುದಿಲ್ಲ.

ಗೋಗಿಯ ಹತ್ತಿರದ ನಮ್ಮ ಊರಿಗೆ ಅಪ್ಪ ಪಂಚಾಯಿತಿ ಚೇರ್ಮನ್, ಊರವರ ಬಾಯಲ್ಲಿ ಗೌಡ್ರು. ಊರ ಅಗಸಿ ಬಾಗಿಲಲ್ಲಿ ಅವನು ಕೆಮ್ಮಿದರೆ ಸಾಕು, ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಎತ್ತು ಹೂಡದ ದಿನವೂ ಅವನ ಕೈಯಲ್ಲಿ ಬಾರುಕೋಲು ಇರುತ್ತಿತ್ತು. ಅದು ಎತ್ತಿಗಿಂತ ಹೆಚ್ಚಾಗಿ ಮನುಷ್ಯರ ಬೆನ್ನು ಕಂಡಿತ್ತು. ಒಂದು ಮಾತು ಒಪ್ಪಬೇಕು, ನಮ್ಮೂರಲ್ಲಿ ಒಬ್ಬರ ದನ ಇನ್ನೊಬ್ಬರ ಹೊಲಕ್ಕೆ ನುಗ್ಗುತ್ತಿರಲಿಲ್ಲ. ಬಾವಿಯ ಬಳಿ ಜಗಳವಿರಲಿಲ್ಲ.

ಆ ವರ್ಷ ಶಹಾಪುರದ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ಆಳುವವರು ಅಂಜಿಸಿ ಆಳಬೇಕೋ, ಅಕ್ಕರೆಯಿಂದ ಆಳಬೇಕೋ ಎಂಬುದು ವಿಷಯ. ನನಗೆ ಸಿಕ್ಕಿದ್ದು ಅಂಜಿಕೆಯ ಪರ. ನಾನು ಕುಣಿದಾಡಿದೆ. ಸಾಕ್ಷಿ ಮನೆಯಲ್ಲೇ ಇತ್ತಲ್ಲ!

ಮನೆಯ ತಾಲೀಮಿನಲ್ಲಿ ನನ್ನ ಎದುರು ಪಕ್ಷ ಕಾಕಾ, ಅಪ್ಪನ ತಮ್ಮ. ಶನಿವಾರ ಮಧ್ಯಾಹ್ನ ಬಣವೆಯ ನೆರಳಲ್ಲಿ ನನ್ನ ಭಾಷಣ ಕೇಳಲು ಕೂತ. ಕಾಕಾನ ತಲೆಯಲ್ಲಿ ಯಾವಾಗಲೂ ಒಂದೆರಡು ಹುಲ್ಲಿನ ಎಸಳು, ಬಾಯಲ್ಲಿ ಯಾವಾಗಲೂ ಒಂದು ತಮಾಷೆ.

"ಅಂಜಿಕಿಗೆ ಎತ್ತು ನಡೀತಾವವ್ವ. ಮನಷ್ಯಾ ನಡೀತಾನೇನು?" ಅಂದ.

"ಅಪ್ಪ ಕೂಗಿದ ಕೂಡ್ಲೇ ನೀ ಯಾಕ ಓಡ್ತಿ ಮತ್ತ?"

"ನಾ ಎತ್ತು ಅದೀನಿ ಬಿಡು" ಎಂದು ನಕ್ಕ. ಮತ್ತೆ ಮೊದಲಿನಿಂದ ಹೇಳಿಸಿದ. ಕೈ ಎಲ್ಲಿ ಎತ್ತಬೇಕು, ದನಿ ಎಲ್ಲಿ ಇಳಿಸಬೇಕು ಎಂದು ತಿದ್ದಿದ. ಹೊತ್ತು ಮುಳುಗಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಅದೇ ತಪ್ಪಾಯಿತು. ಆ ಮಧ್ಯಾಹ್ನ ಅವನು ಹಗೇವಿನ ಬಾಯಿ ತೆರೆಯಬೇಕಿತ್ತು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕೋಣೆ. ಒಬ್ಬ ಮನುಷ್ಯ ಇಳಿಯುವಷ್ಟೇ ಇಕ್ಕಟ್ಟಾದ ಬಾಯಿ, ಒಳಗೆ ಗುಡಾಣದಂತೆ ಹೊಟ್ಟೆ. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡುತ್ತದೆ. ಅದಕ್ಕೆ ಹಿಂದಿನ ದಿನವೇ ಚಪ್ಪಡಿ ಸರಿಸಿಡಬೇಕು. ಮರುದಿನ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಯಾರೂ ಇಳಿಯಬಾರದು. ಕಂದೀಲು ಇಳಿಸುವ ಕೆಲಸ ಮನೆಯ ಮಕ್ಕಳದು. ಆ ವರ್ಷ ನನ್ನದು.

ಭಾನುವಾರ ಬೆಳಕು ಹರಿಯುವಾಗ ಕಾಕಾ ನನ್ನನ್ನು ಎಬ್ಬಿಸಿದ. ಇಬ್ಬರೂ ಹಿತ್ತಲಿಗೆ ಓಡಿದೆವು. ಹಾರೆ ಹಾಕಿ ಚಪ್ಪಡಿ ಸರಿಸಿದಾಗ ಹುಳಿ ಬಂದ ಹಿಟ್ಟಿನಂಥ ಬೆಚ್ಚನೆಯ ವಾಸನೆ ಮುಖಕ್ಕೆ ಬಡಿಯಿತು.

"ಅಣ್ಣಗ ಹೇಳಬ್ಯಾಡವ್ವ. ಬಾರಕೋಲು ನನ್ನ ಬೆನ್ನ ಮ್ಯಾಲೆ ಮುರಿದೀತು" ಅಂದ ಕಾಕಾ. ನಾನು ಅವನ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಬಿಸಿಲೇರುವ ಮೊದಲೇ ಅಪ್ಪ ಬಂಡಿ ತಂದು ನಿಲ್ಲಿಸಿದ. ಜೊತೆಗೆ ಮುತ್ಯಾ ಬಂದ. ಅವನು ನಮ್ಮ ಹೊಲದ ಕೆಲಸದ ಮುದುಕ, ಪ್ರತಿವರ್ಷ ಹಗೇವಿಗೆ ಇಳಿಯುವವನು ಅವನೇ.

"ನಿನ್ನಿ ಬಾಯಿ ತಗದಿದ್ದಿಯೇನೋ?" ಅಪ್ಪ ಕೇಳಿದ.

"ಹೂಂ ಅಣ್ಣಾ" ಅಂದ ಕಾಕಾ, ನೆಲ ನೋಡುತ್ತ.

ನಾನು ಬೋರಲು ಮಲಗಿ ಹಗ್ಗದಿಂದ ಕಂದೀಲು ಇಳಿಬಿಟ್ಟೆ. ಒಳಗೆ ಇಣುಕಲು ಒಂದೇ ತಲೆಗೆ ಜಾಗ. ದೀಪ ಇಳಿಯಿತು, ತೇವ ತಾಗದಂತೆ ಗೋಡೆಗೆ ಹೊದಿಸಿದ್ದ ಹುಲ್ಲು ಹೊಳೆಯಿತು. ಇನ್ನೊಂದು ಮೊಳ ಬಿಟ್ಟೆ. ಕುಡಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಗಾಳಿ ಇರಲಿಲ್ಲ. ಎಣ್ಣೆ ನಾನೇ ತುಂಬಿದ್ದೆ.

"ಏನವಾ, ಉರಿಯಾಕತ್ತದೇನು ದೀಪ?" ಅಪ್ಪ ಕೇಳಿದ.

ತಲೆ ಎತ್ತಿದೆ. ಬಂಡಿಗೆ ಒರಗಿಸಿದ್ದ ಬಾರುಕೋಲು ನನಗೆ ಕಾಣುತ್ತಿತ್ತು. ಕಾಕಾನ ಮುಖವೂ ಕಾಣುತ್ತಿತ್ತು.

"ಹೂಂರಿ ಅಪ್ಪಾ" ಅಂದೆ. ಕಂದೀಲನ್ನು ಮೇಲೆಳೆದು, ನಾನೇ ಆರಿಸಿದವಳಂತೆ ಊದಿ ಪಕ್ಕಕ್ಕಿಟ್ಟೆ.

ನೀವು ಕೇಳುತ್ತೀರಿ, ಇಳಿಯುವವನ ಗತಿ ಏನು ಎಂದು ಯೋಚಿಸಲಿಲ್ಲವಾ ಆಯಿ, ಅಂತ. ಇಳಿಯುವವನು ಮುತ್ಯಾ ಎಂದು ನನಗೆ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಮುತ್ಯಾನ ಜೀವ ನನ್ನ ತಲೆಗೆ ಬರಲೇ ಇಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ಹೆಚ್ಚು ನಾಚಿಕೆ.

ಮುತ್ಯಾ ಸೊಂಟಕ್ಕೆ ಹಗ್ಗ ಸುತ್ತತೊಡಗಿದ. ಕಾಕಾ ಅದನ್ನು ಬಿಡಿಸಿಕೊಂಡ. "ನಿನಗ ವಯಸ್ಸಾಗ್ಯಾದ ಮುತ್ಯಾ, ನೀ ಮ್ಯಾಲೆ ನಿಲ್ಲು. ಈ ಸಲ ನಾ ಇಳೀತೀನಿ."

"ಗೌಡ್ರ ತಮ್ಮಗ ಒಳಗಿನ ಧೂಳ ಆಗಿಬರಂಗಿಲ್ರಿ" ಎಂದು ಮುತ್ಯಾ ನಕ್ಕ. ಕಾಕಾನೂ ನಕ್ಕ. ನನಗೀಗ ಅರ್ಥವಾಗುತ್ತದೆ: ಸುಳ್ಳು ತನ್ನದಾದ ಮೇಲೆ ಅದರೊಳಗೆ ಬೇರೆಯವರನ್ನು ಇಳಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಇಳಿಯುವ ಮುನ್ನ ನನ್ನ ಕಡೆ ನೋಡಿದ. ದೀಪ ಉರಿದದ್ದು ನಿಜ ತಾನೇ ಎಂಬ ನೋಟ. ನಾನು ಹೇಳಿದ್ದೆನಲ್ಲ, ಅವನು ನಂಬಿದ.

"ಕಾಕಾ!" ಎಂದು ಕೂಗಿದೆ.

ಅಪ್ಪ ತಿರುಗಿದ. "ಏನದು?"

"ಏನಿಲ್ಲರಿ."

ಆ ಎರಡು ಉತ್ತರಗಳಲ್ಲಿ ಯಾವುದನ್ನಾದರೂ ಬದಲಾಯಿಸಲು ಬಿಟ್ಟರೆ ನನ್ನ ಉಳಿದ ಮಾತನ್ನೆಲ್ಲ ಕೊಟ್ಟುಬಿಡುತ್ತೇನೆ.

ಒಳಗಿಂದ ಒಂದು ಕೆಮ್ಮು ಬಂತು. ಆಮೇಲೆ ಏನೂ ಬರಲಿಲ್ಲ. ಮುತ್ಯಾ ಹಗ್ಗ ಜಗ್ಗಿದ, ಅಪ್ಪ ಜಗ್ಗಿದ. ಇಕ್ಕಟ್ಟಾದ ಬಾಯಲ್ಲಿ ಕಾಕಾನ ಭುಜ ಸಿಕ್ಕಿಕೊಂಡಿತು. ಹೊರಗೆಳೆದಾಗ ಅವನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಲೆಯ ಮೇಲೆ ಎರಡು ಜೋಳದ ಕಾಳು. ಮುತ್ಯಾ ಎದೆ ತಿಕ್ಕಿದ. ಉಸಿರು ಬಂತು. ಬಂಡಿ ಜೋಳದ ಬದಲು ಕಾಕಾನನ್ನು ಹೊತ್ತು ಶಹಾಪುರಕ್ಕೆ ಹೋಯಿತು.

ಸಂಜೆ ಅಪ್ಪ ಒಬ್ಬನೇ ಬಂದ. ನನ್ನನ್ನು ಹಿತ್ತಲಿಗೆ ಕರೆದು, ಕಂದೀಲು ಹೊತ್ತಿಸಿ ತಾನೇ ಇಳಿಬಿಟ್ಟ. ಅದು ಬೆಳಿಗ್ಗೆ ಆರಿದ ಜಾಗದಲ್ಲೇ ಮತ್ತೆ ಆರಿತು.

"ಮುಂಜಾನೇನೂ ಹಿಂಗ ಆತೇನು?"

"ಹೂಂರಿ."

ಬಾರುಕೋಲಿಗೆ ಕಾದೆ. ಅದು ಬೀಳಲಿಲ್ಲ. "ನನಗ್ಯಾಕ ಹೇಳಲಿಲ್ಲವ್ವ?" ಅಂದ. ಅಪ್ಪ ನನ್ನನ್ನು ಅವ್ವ ಎಂದು ಅಷ್ಟು ಮೆತ್ತಗೆ ಕರೆದದ್ದು ಅದೇ ಮೊದಲು. ನಾನು ಬಾರುಕೋಲಿನ ಕಡೆ ನೋಡಿದೆ. ಅಪ್ಪ ಬಾರುಕೋಲನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಮರುದಿನ ಮುತ್ಯಾ ಅದನ್ನು ತಂದುಕೊಟ್ಟಾಗ ಇಸಕೊಂಡ. ಮನುಷ್ಯ ಒಂದೇ ದಿನಕ್ಕೆ ಬದಲಾಗುವುದು ಕಥೆಗಳಲ್ಲಿ ಮಾತ್ರ.

ಸೋಮವಾರದ ಸ್ಪರ್ಧೆಗೆ ನಾನು ಹೋಗಲಿಲ್ಲ. ಹೋಗಿ ಏನು ಹೇಳಬೇಕಿತ್ತು? ಅಪ್ಪನ ಅಂಜಿಕೆಯಿಂದ ಸುಳ್ಳು ಹೇಳಿದೆ ಎನ್ನೋಣ. ಆದರೆ ಅಕ್ಕರೆ ಏನು ಮಾಡಿತು? ಕಾಕಾನನ್ನು ಉಳಿಸಬೇಕೆಂದು ಹೇಳಿದ್ದೂ ಅದೇ ಸುಳ್ಳು.

ಕಾಕಾ ಮನೆಗೆ ಬಂದ. ಮಾತು ಹೋಗಿತ್ತು. ಕೈಗೆ ರೊಟ್ಟಿ ಚೂರು ಕೊಟ್ಟರೆ ಅದನ್ನು ಹಿಡಿದುಕೊಂಡೇ ಕೂರುತ್ತಿದ್ದ. ಪ್ರತಿ ಮಧ್ಯಾಹ್ನ ಅಪ್ಪನೇ ಪಕ್ಕದಲ್ಲಿ ಕೂತು ಉಣಿಸುತ್ತಿದ್ದ. ವರ್ಷ ಕಳೆದಂತೆ ಅಪ್ಪನ ದನಿ ತಗ್ಗಿತು, ಬಾರುಕೋಲು ಮೂಲೆ ಸೇರಿತು. ಊರವರು ಅವನನ್ನು ನಿಜಕ್ಕೂ ಪ್ರೀತಿಸತೊಡಗಿದರು. ಆಗಲಾದರೂ ಅವನಿಗೆ ನಿಜ ಹೇಳಿದರೋ? ಇಲ್ಲ. ಊರ ಬಾವಿಯ ಒಳಗೋಡೆ ಬಿರುಕು ಬಿಟ್ಟಾಗ, "ಪಾಪ, ಗೌಡ್ರು ಮೊದಲ ನೊಂದಾರ, ಹೇಳಬ್ಯಾಡ್ರಿ" ಅಂದರು. ಬಾವಿ ಕುಸಿದ ಮೇಲೆ ಅಪ್ಪನಿಗೆ ಗೊತ್ತಾಯಿತು. ಮೊದಲು ಅಂಜಿ ಮುಚ್ಚಿಟ್ಟಿದ್ದರು, ಈಗ ಮರುಗಿ ಮುಚ್ಚಿಟ್ಟರು.

ಮಕ್ಕಳೇ, ನಿಮ್ಮ ಯಾದಗಿರಿಯ ಮನೆಯಲ್ಲಿ ಹಗೇವಿಲ್ಲ. ಜೋಳ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಬಾರುಕೋಲನ್ನು ನೀವು ನೋಡಿಯೂ ಇಲ್ಲ. ನೀವು ನಿಮ್ಮ ಅಪ್ಪನ ಹೆಗಲೇರಿ ಅವನ ಮೊಬೈಲು ಕಸಿದುಕೊಳ್ಳುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ಸಮಾಧಾನವೂ ಆಗುತ್ತದೆ. ಈ ಮನೆಯಲ್ಲಿ ಯಾರೂ ಯಾರಿಗೂ ಅಂಜುವುದಿಲ್ಲ.

ಆದರೂ ಮೊನ್ನೆ ನಿಮ್ಮ ಪಿಸುಮಾತು ನನಗೆ ಕೇಳಿಸಿತು. "ಆಯಿಗೆ ಹೇಳಬ್ಯಾಡ, ಅಳ್ತಾಳ." ನನ್ನ ಕಣ್ಣಿನ ರಿಪೋರ್ಟು ಟಿವಿಯ ಹಿಂದೆ ಇದೆ. ಕೈಗೆ ಸಿಕ್ಕಿತು, ಓದಲು ಆಗಲಿಲ್ಲ. "ಎಲ್ಲಾ ಚಲೋ ಅದ" ಎಂದು ನೀವು ಮೂವರೂ ಒಟ್ಟಿಗೆ ಅಂದಿರಿ. ನೀವು ಅಂದದ್ದು ಅಕ್ಕರೆಯಿಂದ, ನನಗೆ ಗೊತ್ತು. ಅಂದು ಹಗೇವಿನ ಬಾಯಲ್ಲಿ ನಾನು 'ಹೂಂ' ಅಂದದ್ದರಲ್ಲೂ ಅರ್ಧ ಅದೇ ಇತ್ತು.

ಇವತ್ತು ಸಂಜೆ ಆ ಕಾಗದ ತಂದು ನನ್ನೆದುರು ಗಟ್ಟಿಯಾಗಿ ಓದಿ. ನಾನು ಅತ್ತರೆ ಅಳುತ್ತೇನೆ ಬಿಡಿ. ನನ್ನ ಕಣ್ಣಿನ ದೀಪ ಆರುವುದಿದ್ದರೆ, ಮೇಲೆ ನಿಂತು ನೋಡುವ ನೀವು ಆರುತ್ತಿದೆ ಎಂದೇ ಹೇಳಬೇಕು.