ನಂಜಯ್ಯನ ಎಡಗಣ್ಣು

ದೆವ್ವ ಕಂಡೆ ಎಂದವರಿಗೆಲ್ಲ ‘ಮೊದಲು ಕಣ್ಣು ತೋರಿಸಿಕೊಳ್ಳಿ’ ಎಂದು ನಗುತ್ತಿದ್ದವಳು ನಾನು. ಹಾಸನದಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತು ಮಂಚದ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹಾಗೆ ನಗುವ ಹಕ್ಕು ನನಗಿದೆ ಎಂದುಕೊಂಡಿದ್ದೆ. ಅರವತ್ತರ ದಶಕದ ಆರಂಭದ ಒಂದು ಮಧ್ಯಾಹ್ನ ಆ ನಗು ನಿಂತಿತು.

ಕಟ್ಟಾಯದ ಕಡೆಯ ನಂಜಯ್ಯ ಮನೆಮನೆಗೆ ಹೋಗಿ ರಾಗಿ ಬೀಸುವ ಕಲ್ಲಿಗೆ ಉಳಿ ಹಾಕಿಕೊಡುತ್ತಿದ್ದ. ಚೂರೊಂದು ಸಿಡಿದು ಎಡಗಣ್ಣಿಗೆ ಹೊಕ್ಕಿತ್ತು. ಮನೆಯವರು ಬಾಣಂತಿಯ ಎದೆಹಾಲು ಬಿಡುತ್ತಾ ಮೂರು ವಾರ ಕಳೆದಿದ್ದರು. ಡಾಕ್ಟರು ಅವನ ತಾಯಿ ಸಣ್ಣಮ್ಮನಿಗೆ ಬಿಡಿಸಿ ಹೇಳಿದರು. ಕಣ್ಣಿನ ಬಿಳಿ ಪದರದ ಒಳಗೆ ನೇರಳೆ ಸಿಪ್ಪೆಯಂಥ ಕಪ್ಪು ಪದರವೊಂದಿದೆ, ಅದರ ತುಂಬ ರಕ್ತನಾಳಗಳು. ಒಂದು ಕಣ್ಣಿನಲ್ಲಿ ಅದು ಹರಿದರೆ, ಕೆಲವರಿಗೆ ಪೆಟ್ಟೇ ಬೀಳದ ಇನ್ನೊಂದು ಕಣ್ಣಿನಲ್ಲೂ ಅದೇ ಪದರ ಊದಿಕೊಳ್ಳುತ್ತದೆ. ಎಡಗಣ್ಣು ತೆಗೆಯದಿದ್ದರೆ ಬಲಗಣ್ಣೂ ಹೋದೀತು.

“ಒಡುಟ್ಟಿದೋವು ಕಣ್ ಸಾ. ಒಂದುಕ್ಕೆ ನೋವಾದ್ರೆ ಇನ್ನೊಂದು ಅಳದೆ ಇರ್ತದಾ?” ಎಂದಳು ಸಣ್ಣಮ್ಮ. ಒಪ್ಪಿದಳು, ಆದರೆ ತೆಗೆದ ಕಣ್ಣನ್ನು ತನಗೇ ಕೊಡಬೇಕೆಂದಳು. ಅದು ಮಗನ ಮೈಯ ತುಂಡು. ಹೊಲದಲ್ಲಿ ಮಣ್ಣು ಮಾಡಿ ಮೂರನೆಯ ದಿನ ಹಾಲು-ತುಪ್ಪ ಬಿಡಬೇಕು.

ಡಾಕ್ಟರು ಅದನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸುವವರಿದ್ದರು. ಆಪರೇಷನ್ ಮುಗಿದ ಮೇಲೆ ನಾನು ಜಾಣತನ ಮಾಡಿದೆ. ಹತ್ತಿಯುಂಡೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಮುದುಕಿಯ ಮಡಿಲಿಗೆ ಹಾಕಿದೆ; ಅವಳು ಅದನ್ನು ಊರಿಗೆ ಒಯ್ದು ಮಣ್ಣು ಮಾಡಿ, ಹಾಲು-ತುಪ್ಪ ಬಿಟ್ಟು ಬಂದಳು. ಕಣ್ಣನ್ನು ಔಷಧದ ಸೀಸೆಯಲ್ಲಿ ಮುಳುಗಿಸಿ, ನಾವು ನರ್ಸುಗಳು ಬಟ್ಟೆ ಬದಲಿಸುವ ಕೋಣೆಯ ಹಲಗೆಯ ಮೇಲಿಟ್ಟೆ.

ನಾಲ್ಕನೆಯ ದಿನ ಎರಡೂ ಕಡೆಯ ಪಟ್ಟಿ ಬಿಚ್ಚಿದರೆ ಬಲಗಣ್ಣು ಕೆಂಪಾಗಿತ್ತು. ಬೆಳಕು ತಡೆಯಲಾರದೆ ನಂಜಯ್ಯ ಒದ್ದಾಡಿದ. ಡಾಕ್ಟರ ಮುಖ ಸಣ್ಣಗಾಯಿತು. ಹೊಸದಾಗಿ ಬಂದಿದ್ದ ಡ್ರಾಪ್ಸ್ ಶುರು ಮಾಡಿ, ಎರಡೂ ಕಡೆ ಮತ್ತೆ ಪಟ್ಟಿ ಕಟ್ಟಿಸಿದರು. ಮಾರನೆಯ ಮಧ್ಯಾಹ್ನ ನಾನು ಡ್ರಾಪ್ಸ್ ಹಾಕಲು ಹೋದೆ.

“ಅಕ್ಕಾ, ನಿನ್ನೆ ಹಸ್ರು ಬಳೆ ಇಕ್ಕತಾ ಇದ್ರಿ. ಒಂದು ಒಡ್ದೋಯ್ತು” ಎಂದ ನಂಜಯ್ಯ.

ವಾರ್ಡಿನಲ್ಲಿ ನಾವು ಬಳೆ ತೊಡುವಂತಿರಲಿಲ್ಲ. ಕೆಲಸ ಮುಗಿದ ಮೇಲೆ ಆ ಕೋಣೆಯ ಬಾಗಿಲು ಹಾಕಿಕೊಂಡು ತೊಡುತ್ತಿದ್ದೆ. ಹಿಂದಿನ ದಿನ ಒಂದು ಒಡೆದದ್ದು ನಿಜ; ಆಗ ಅಲ್ಲಿ ನಾನೊಬ್ಬಳೇ ಇದ್ದೆ.

“ಯಾರು ಹೇಳಿದ್ರು ನಿಂಗೆ?”

“ಎಡಗಣ್ಣಿಗೆ ಕಾಣ್ತು. ಮಣ್ ಮಾಡ್ದೆ ಅಂತಾಳೆ ಅವ್ವ. ಮಣ್ಣಾಗಿದ್ರೆ ಕತ್ಲಾಗ್ಬೇಕಲ್ವಾ? ಮುಚ್ಕಳಾಕಾಗ್ದೆ ನೋಡ್ತಾನೇ ಐತೆ ಕಣಕ್ಕ.”

ಹೋಗಿ ನೋಡಿದೆ. ಸೀಸೆಯೊಳಗೆ ಕಣ್ಣು ಬಾಗಿಲ ಕಡೆ ತಿರುಗಿತ್ತು. ಅದಕ್ಕೆ ರೆಪ್ಪೆ ಇಲ್ಲವೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಆ ಸಂಜೆಯೇ ಸಣ್ಣಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. “ಹತ್ತಿಗಾ ನಾನು ಹಾಲ್ ಬುಟ್ಟಿದ್ದು?” ಎಂದಷ್ಟೇ ಕೇಳಿ, ಕಣ್ಣನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಡಾಕ್ಟರಿಗೆ ಸೀಸೆ ಒಡೆಯಿತೆಂದು ಸುಳ್ಳು ಹೇಳಿದೆ. ಮರುದಿನ ಬೆಳಿಗ್ಗೆ ನಂಜಯ್ಯ “ಕತ್ಲಾಯ್ತು” ಎಂದು ನೆಮ್ಮದಿಯಿಂದ ನಿದ್ದೆಹೋದ. ಸಣ್ಣಮ್ಮ ಮಣ್ಣು ಮಾಡಿದ್ದು ಅದೇ ಹೊತ್ತಿಗೆ ಎಂದು ಆಮೇಲೆ ತಿಳಿಯಿತು.

ಬಲಗಣ್ಣು ಉಳಿಯಿತು. ಡ್ರಾಪ್ಸ್ ಕೆಲಸ ಮಾಡಿತು ಎಂದರು ಡಾಕ್ಟರು. ಮಾಡಿರಬಹುದು, ಔಷಧದ ಬಗ್ಗೆ ನನಗೆ ತಕರಾರಿಲ್ಲ. ಬಳೆಯ ವಿಷಯ ಮಾತ್ರ ಅವರಿಗೆ ಹೇಳುವ ಧೈರ್ಯ ಬರಲಿಲ್ಲ, ಹೇಳಿದ್ದರೂ ನನ್ನಂತೆಯೇ ನಗುತ್ತಿದ್ದರು.

ಊರಿಗೆ ಹೊರಟ ದಿನ ನಂಜಯ್ಯ ಉಳಿದ ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಾ ನಿಂತ. ಆಮೇಲೆ ಮೆಲ್ಲಗೆ ಕೇಳಿದ:

“ಪಕ್ದಾಗೆ ಇನ್ನೂ ಮೂರು ಸೀಸೆ ಇದ್ವಲ್ಲಕ್ಕ. ಅವು ಯಾರವು?”

ಇದ್ದವು. ಅಂದಿನಿಂದ ಆ ಕೋಣೆಯಲ್ಲಿ ನಾನು ಬಳೆ ತೊಡಲಿಲ್ಲ.